ಗಂಗರತ್ನಮ್ಮನ ಮದ್ದಿನ ತಿಪ್ಪೆ

ಗಂಗರತ್ನಮ್ಮ ಕೂತು ಉಂಡದ್ದನ್ನು ಅವರ ಗಂಡ ಅಂಜನಪ್ಪ ನೋಡಿದ್ದು ಮದುವೆಯ ದಿನ ಮಾತ್ರವಂತೆ. ಆವತ್ತೂ ಎದ್ದು ಹೋಗದ ಹಾಗೆ ಅವರಮ್ಮ ಸೆರಗು ಹಿಡಿದುಕೊಂಡಿದ್ದರು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಗಂಗರತ್ನಮ್ಮ ಅದನ್ನು ಅಲ್ಲಗಳೆಯುವುದಿಲ್ಲ. ಮುದ್ದೆಯ ತಟ್ಟೆ ಎಡಗೈಯಲ್ಲಿ ಹಿಡಿದು ಬಾಗಿಲಿಗೂ ಹಿತ್ತಿಲಿಗೂ ನಡೆಯುತ್ತಲೇ ಅವರ ಊಟ ಮುಗಿಯುತ್ತದೆ. ಹೊಸೂರಿನಿಂದ ಬರುವ ಬಸ್ಸಿನಲ್ಲಿ ಸೂಳಗಿರಿ ಇನ್ನೂ ದೂರವಿರುವಾಗಲೇ ಎದ್ದು ಬಾಗಿಲ ಬಳಿ ನಿಲ್ಲುತ್ತಾರೆ. ಕಂಡಕ್ಟರ್ ತಮಿಳಿನಲ್ಲಿ ಬೈದರೆ ತೆಲುಗಿನಲ್ಲಿ ಉತ್ತರ ಕೊಡುತ್ತಾರೆ.

ಅವರು ಹುಟ್ಟಿದ್ದು ಅಂಚೆಟ್ಟಿ ದಾಟಿ ಕಾಡಿನೊಳಗಿರುವ ನಾಟ್ರಾಂಪಾಳ್ಯದಲ್ಲಿ. ಅಲ್ಲಿ ರಾಗಿ ತೆನೆ ಬಲಿಯುವ ಕಾಲಕ್ಕೆ ಆನೆ ಇಳಿಯುತ್ತದೆ. ಕೂತವರಿಗೆ ತೂಕಡಿಕೆ ಬರುತ್ತದೆಂದು ಅವರಪ್ಪ ಮಕ್ಕಳಿಗೆ ನಿಂತೇ ಹೊಲ ಕಾಯುವುದನ್ನು ಕಲಿಸಿದ್ದರು. ಆನೆ ಬಾರದ ಸೂಳಗಿರಿ ಕಡೆಗೆ ಮದುವೆಯಾಗಿ ಬಂದು ಅರ್ಧ ಆಯಸ್ಸು ಕಳೆದರೂ ಕಾಲು ಆ ಪಾಠ ಬಿಟ್ಟಿಲ್ಲ.

ಗಂಡನ ಮನೆಯ ಹೊಲ ಗುಡ್ಡದ ಇಳಿಜಾರಿನಲ್ಲಿದೆ. ಅಲ್ಲಿ ಗುದ್ದಲಿ ಸ್ವಲ್ಪ ಜೋರಾಗಿ ಬಿದ್ದರೆ ಕಿಡಿ ಹಾರುತ್ತದೆ, ಅಷ್ಟು ಮೇಲೆ ಬಂಡೆ. ಇದ್ದ ಮಣ್ಣು ಗುಡ್ಡ ಕೊಟ್ಟದ್ದಲ್ಲ. ಕೆರೆ ಒಣಗಿದ ಬೇಸಿಗೆಗಳಲ್ಲಿ ಅತ್ತೆ ಕೆರೆಗೋಡು ತುಂಬಿದ ಮಂಕರಿ ಹೊತ್ತು ಹತ್ತಿದ್ದರು; ಆಮೇಲೆ ಸೊಸೆ ಹೊತ್ತರು. ಬದು ಕಟ್ಟಿ, ತಿಪ್ಪೆಗೊಬ್ಬರ ಸೇರಿಸಿ, ಬಂಡೆಯ ಮೇಲೆ ಆ ಇಬ್ಬರು ಹೆಂಗಸರು ಹೊದಿಸಿದ ಮಣ್ಣು ಅದು. ಅದರಲ್ಲಿ ರಾಗಿ, ಅವರೆ, ಅಂಚಿಗೆ ಸಾಸಿವೆ ಬೆಳೆಯುತ್ತಿತ್ತು.

ಹೊಲದ ಮೇಲುಗಡೆ, ಗುಡ್ಡದ ಭುಜದಲ್ಲಿ, ಕಲ್ಲು ಕ್ವಾರಿಗಳಿಗೆ ಸಿಡಿಮದ್ದು ತಯಾರಿಸುವ ಸಣ್ಣದೊಂದು ಘಟಕ ಬಂತು. ಟಿಎನ್‌ಟಿಯನ್ನು ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ನೆಲ ತೊಳೆದ ನೀರು ಒಂದು ಗುಂಡಿಗೆ ಹೋಗುತ್ತಿತ್ತು. ಆ ನೀರು ಮೊದಲು ತಿಳಿಯಾಗಿದ್ದು, ಬಿಸಿಲು ತಾಗಿದ ಮೇಲೆ ಕೆಂಪಗಾಗುತ್ತಿತ್ತು. ಜೋರು ಮಳೆಯಲ್ಲಿ ಗುಂಡಿ ತುಂಬಿ ಹರಿದದ್ದು ನೇರ ಗಂಗರತ್ನಮ್ಮನ ಹೊಲಕ್ಕೆ. ಒಂದೆರಡು ಮಳೆಗಾಲದಲ್ಲೇ ರಾಗಿ ಗೇಣುದ್ದಕ್ಕೆ ನಿಂತು ಹಳದಿಯಾಯಿತು. ಘಟಕದವರು ಬಾಗಿಲು ಹಾಕಿಕೊಂಡು ಹೋದ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಮಣ್ಣು ಪರೀಕ್ಷೆಯಾಯಿತು. ಮೇಲ್ಮಣ್ಣನ್ನೆಲ್ಲ ಬಂಡೆಯವರೆಗೆ ಕೆರೆದು, ಲಾರಿಯಲ್ಲಿ ಸಾಗಿಸಿ, ಅಪಾಯಕಾರಿ ಕಸ ಹೂಳುವ ಜಾಗದಲ್ಲಿ ಹಾಕಬೇಕೆಂದು ತೀರ್ಮಾನವಾಯಿತು.

"ಮಣ್ಣು ತಗೊಂಡ್ ಹೋದ್ರೆ ನನ್ಗೇನ್ ಉಳೀತದೆ?" ಎಂದು ಗಂಗರತ್ನಮ್ಮ ಕೇಳಿದಾಗ, ಅಳತೆ ಮಾಡಲು ಬಂದವರು ಟೇಪು ಸುತ್ತಿಕೊಂಡರು. ಉಳಿಯುವುದು ಬಂಡೆ. ಅದು ಇಬ್ಬರಿಗೂ ಕಾಣುತ್ತಿತ್ತು.

ಆಗ ಶುದ್ಧೀಕರಣದ ಗುತ್ತಿಗೆ ಹಿಡಿದ ಕಂಪನಿ ಇನ್ನೊಂದು ದಾರಿ ಹೇಳಿತು. ಮಣ್ಣನ್ನು ಅಲ್ಲೇ ಸಗಣಿ, ಹುಲ್ಲು, ಸೊಪ್ಪಿನ ಜೊತೆ ಬೆರೆಸಿ ರಾಶಿ ಹಾಕಿ ಸೂಕ್ಷ್ಮಜೀವಿಗಳಿಗೆ ಬಿಟ್ಟು ನೋಡೋಣ. ದೊಡ್ಡ ಮಳೆಗೆ ಮೊದಲು ಮಾದರಿ ತೆಗೆದಾಗ ವಿಷ ಮಿತಿಯೊಳಗೆ ಬಂದಿದ್ದರೆ ಮಣ್ಣು ವಾಪಸ್ಸು ಹೊಲಕ್ಕೆ. ಬರದಿದ್ದರೆ ಲಾರಿಗೆ.

ಈ ಕೆಲಸ ನೋಡಿಕೊಳ್ಳಲು ಬಂದವಳು ಶಶಿರೇಖಾ. ಜವಳಗಿರಿಯ ಹುಡುಗಿ, ಮೈಕ್ರೋಬಯಾಲಜಿ ಎಂ.ಎಸ್ಸಿ. ಓದಿ ಹೊಸೂರಿನ ಕಚೇರಿಯಿಂದ ಓಡಾಡುತ್ತಿದ್ದಳು. ಮೊದಲ ದಿನ ಅಂಜನಪ್ಪ ಬದುವಿನಾಚೆಯೇ ನಿಂತರು. ಅವರು ಹಿಂದೆ ಕ್ವಾರಿಯಲ್ಲಿ ಕಲ್ಲು ಕೆಲಸ ಮಾಡಿದವರು. ಮದ್ದು ಸಿಡಿಸುವ ಮೊದಲು ಎಷ್ಟು ದೂರ ಓಡಬೇಕೆಂಬುದು ಅವರಿಗೆ ಗೊತ್ತಿತ್ತು.

"ಮದ್ದನ್ನ ಬಿಸಿ ತಿಪ್ಪೇಲಿ ಹಾಕ್ತೀಯಲ್ಲಮ್ಮ, ಅದು ಢಂ ಅಂದ್ರೆ?"

"ಅನ್ನಲ್ಲ ಮಾವಾ. ಸಿಡಿಯಕ್ಕೆ ಬೇಕಾದಷ್ಟು ಮದ್ದು ಈ ಮಣ್ಣಲ್ಲಿಲ್ಲ. ಬೇರಿಗೆ, ಕುಡಿಯೋ ನೀರಿಗೆ ಕೆಟ್ಟದು ಅಷ್ಟೆ."

"ಹಂಗಾರೆ ನೀನೇ ಮೊದ್ಲು ಹತ್ತು."

ಅವಳು ನಗುತ್ತಾ ರಾಶಿ ಹತ್ತಿ ನಿಂತಳು. ಅಂಜನಪ್ಪ ಆಗಲೂ ಬದು ದಾಟಲಿಲ್ಲ. "ನಿಂಗೆ ಇನ್ನೂ ಮದ್ವೆ ಆಗಿಲ್ಲ, ಧೈರ್ಯ ಜಾಸ್ತಿ" ಎಂದರು.

ನಡೆಯಬೇಕಾಗಿದ್ದ ಕೆಲಸ ಇದು. ಟಿಎನ್‌ಟಿ ಅಣುವಿಗೆ ನೈಟ್ರೋ ಎಂಬ ಮೂರು ಗುಂಪುಗಳು ಅಂಟಿಕೊಂಡಿರುತ್ತವೆ. ಗಾಳಿ ಕಡಿಮೆಯಿದ್ದು ಮೇವು ಹೇರಳವಾಗಿರುವ ಜಾಗದಲ್ಲಿ, ಸಗಣಿಯ ಬ್ಯಾಕ್ಟೀರಿಯಾಗಳು ಆ ಗುಂಪುಗಳ ಆಮ್ಲಜನಕವನ್ನು ಕಿತ್ತು ಅವನ್ನು ಅಮೈನೋ ಗುಂಪುಗಳಾಗಿ ಬದಲಿಸುತ್ತವೆ. ಹಾಗೆ ಬದಲಾದ ಅಣು, ಆಮೇಲೆ ಗಾಳಿ ಸಿಕ್ಕಾಗ, ಗೊಬ್ಬರದ ಕಪ್ಪು ಅಂಶಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದು ಪೂರ್ತಿ ಮಾಯವಾಗುವುದಿಲ್ಲ. ನೀರಿನ ಜೊತೆ ಹರಿಯದ, ಬೇರಿಗೆ ಸುಲಭಕ್ಕೆ ಸಿಗದ ಸ್ಥಿತಿಗೆ ಬರುತ್ತದೆ. ಶಶಿರೇಖಾ ಇದನ್ನು ಗಂಗರತ್ನಮ್ಮನಿಗೆ ಹೇಳಿದ್ದು ಒಂದೇ ಮಾತಿನಲ್ಲಿ: ಮೊದಲು ಉಸಿರು ಕಟ್ಟಿ ಕೆಲಸ ಮಾಡಿಸಬೇಕು, ಆಮೇಲೆ ಗಾಳಿಗೆ ಬಿಡಬೇಕು.

ಶಿವರಾತ್ರಿ ಕಳೆದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಮೂರು ಉದ್ದ ರಾಶಿಗಳು ಎದ್ದವು. ಹೊಲದಿಂದ ಕೆರೆದ ಮಣ್ಣಿಗೆ ಊರಿನ ಸಗಣಿ, ರಾಗಿಹುಲ್ಲು, ಹತ್ತಿರದ ಗುಲಾಬಿ ತೋಟಗಳಲ್ಲಿ ಕತ್ತರಿಸಿ ಎಸೆದ ಕಡ್ಡಿಗಳು ಬೆರೆತವು. ಮೇಲೆ ಟಾರ್ಪಾಲು. ಕಾವಲಿಗೂ ನೀರು ಚಿಮುಕಿಸುವುದಕ್ಕೂ ಗಂಗರತ್ನಮ್ಮನನ್ನೇ ನೇಮಿಸಿಕೊಂಡರು. ಊರಿಗೆ ಹೊಸ ಹಾಸ್ಯ ಸಿಕ್ಕಿತು.

"ರತ್ನಕ್ಕಾ, ಇವತ್ತು ಬಾಂಬಿಗೆ ಹುಲ್ಲು ಹಾಕಿದ್ಯಾ?" ಎಂದು ಎದುರು ಮನೆಯ ಪಾಪಮ್ಮ ದಿನಾ ಕೇಳುವಳು.

"ಹಾಕ್ದೆ ಕಣೆ. ಹಾಲು ಕರೆದ ಮೇಲೆ ನಿನ್ಗೂ ಒಂದು ಚೊಂಬು ಕಳಿಸ್ತೀನಿ."

ಶಶಿರೇಖಾ ವಾರಕ್ಕೊಮ್ಮೆ ಬಂದು ಕೋಲಿನಂಥ ಉಷ್ಣಮಾಪಕ ಚುಚ್ಚಿ ಬಿಸಿ ನೋಡುತ್ತಿದ್ದಳು. ಆಮೇಲೆ ಚಿಟಿಕೆ ಮಣ್ಣನ್ನು ಅಸಿಟೋನ್ ಇರುವ ಸೀಸೆಯಲ್ಲಿ ಕುಲುಕಿ, ತಿಳಿಯಾದ ದ್ರವಕ್ಕೆ ಕ್ಷಾರದ ಹನಿ ಬಿಡುತ್ತಿದ್ದಳು. ಟಿಎನ್‌ಟಿ ಇದ್ದರೆ ಕ್ಷಾರ ತಾಗಿದೊಡನೆ ಕೆಂಪು ಬಣ್ಣ ಬರುತ್ತದೆ, ಇಲ್ಲದಿದ್ದರೆ ಬರುವುದಿಲ್ಲ. ಮೊದಲ ವಾರ ಮೂರೂ ಸೀಸೆ ದಾಳಿಂಬೆ ರಸದಂತೆ ಕೆಂಪಗಿದ್ದವು. ಮುಂದಿನ ವಾರಗಳಲ್ಲಿ ಒಂದನೆಯದೂ ಎರಡನೆಯದೂ ತಿಳಿಯಾಗುತ್ತ ಬಂದವು. ಮನೆಗೆ ಹೋಗುವ ಕಾಲುದಾರಿಯ ಪಕ್ಕದ ಮೂರನೆಯ ರಾಶಿ ಮಾತ್ರ ಹಿಂದೆ ಬಿದ್ದಿತ್ತು.

ಗಂಗರತ್ನಮ್ಮನಿಗೆ ಬೇರೆ ಕೆಲಸವೇ ತೋಚಲಿಲ್ಲ. ಬೆಳಕು ಹರಿಯುವ ಮೊದಲು ಹೋಗಿ ಟಾರ್ಪಾಲಿನ ಕೆಳಗೆ ಕೈ ತೂರಿಸಿ ಕಾವು ನೋಡುವರು, ಮೂಸುವರು, ಮುಚ್ಚುವರು. ಮಧ್ಯಾಹ್ನ ಮತ್ತೆ ಹೋಗುವರು. ಹೊಸೂರಿನ ಸಂತೆಗೆ ಹೊರಟವರು ಬಸ್ ನಿಲ್ದಾಣದಿಂದ ವಾಪಸ್ಸು ಬಂದು ಟಾರ್ಪಾಲಿನ ಅಂಚಿಗೆ ಕಲ್ಲು ಹೇರಿ ಹೋದದ್ದೂ ಉಂಟು. "ಹೆರಿಗೆಗೆ ಬಂದ ಮಗಳಿಗೂ ಇಷ್ಟು ನೋಡ್ಕೊಂಡಿಲ್ಲ ನೀನು" ಎಂದು ಅಂಜನಪ್ಪ ಗೊಣಗುತ್ತಿದ್ದರು.

ಯುಗಾದಿ ಕಳೆದು ಒಂದು ಬೇಸಿಗೆ ಮಳೆ ಹುಯ್ದು ಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ, ಮೂರನೆಯ ರಾಶಿಯ ಬುಡದಲ್ಲಿ ಕೆಂಪು ನೀರು ಒಸರಿತ್ತು. ಹಳೆಯ ಗುಂಡಿಯಲ್ಲಿ ನಿಂತಿರುತ್ತಿದ್ದ ನೀರಿನ ಬಣ್ಣವೇ. ಗಂಗರತ್ನಮ್ಮ ಕೈ ತೂರಿಸಿದರು. ರಾಶಿ ತಣ್ಣಗಿತ್ತು. ಮೂಗಿಗೆ ಘಾಟು ಹೊಡೆಯಿತು.

ಫೋನು ಹೋದ ಅರ್ಧ ದಿನದೊಳಗೆ ಶಶಿರೇಖಾ ಬಂದಳು. ಜೊತೆಗೆ ಕಂಪನಿಯ ಸೂಪರ್‌ವೈಸರ್ ರಮೇಶ್. ಕೆಂಪು ಒಸರು ನೋಡಿದವನೇ ಆತ, "ಇದು ಫೇಲ್ ಮೇಡಂ, ಲಾರಿಗೆ ಹೇಳ್ಬಿಡೋಣ" ಎಂದ. ಗಂಗರತ್ನಮ್ಮ ಅವನ ಮುಖ ನೋಡಲಿಲ್ಲ. ರಾಶಿಯ ಸುತ್ತ ನಡೆಯುತ್ತಲೇ ಇದ್ದರು.

ಶಶಿರೇಖಾ ಮಣ್ಣಿನ ಕ್ಷಾರತೆ ಅಳೆದಳು. ಬಂದ ಅಂಕಿ ನಂಬದೆ ಉಪಕರಣ ತೊಳೆದು ಮತ್ತೆ ಅಳೆದಳು. ಸಗಣಿ ಬೆರೆತ ಮಣ್ಣು ತಾನಾಗಿ ಅಷ್ಟು ಕ್ಷಾರವಾಗುವುದು ಸಾಧ್ಯವಿರಲಿಲ್ಲ.

"ಅಕ್ಕಾ, ಇದಕ್ಕೆ ಸುಣ್ಣ ಏನಾದ್ರು ಹಾಕಿದ್ರಾ?"

"ಸುಣ್ಣ ಯಾಕೆ ಹಾಕ್ಲಿ? ಎಲೆ ಅಡಿಕೆನೂ ಹಾಕೋಳಲ್ಲ ನಾನು."

"ಬೇರೆ ಏನು? ಏನೇ ಇದ್ರೂ ಹೇಳಿ."

"ಏನೂ ಇಲ್ಲ ಕಣಮ್ಮ. ಕೊಟ್ಟಿಗೆ ಗುಡಿಸಿದ ಕಸ, ಒಲೆ ಬೂದಿ. ಎಲ್ಲಾರೂ ತಿಪ್ಪೆಗೆ ಹಾಕೋದು ತಾನೆ?"

 ಶಶಿರೇಖಾ ಹಣೆಗೆ ಕೈ ಹಚ್ಚಿಕೊಂಡು ನಕ್ಕುಬಿಟ್ಟಳು. ಜವಳಗಿರಿಯಲ್ಲಿ ಅವಳ ತಾಯಿಯೂ ಪ್ರತಿ ಬೆಳಿಗ್ಗೆ ಒಲೆ ತೋಡಿ, ಬೂದಿಯನ್ನು ಮಂಕರಿಗೆ ತುಂಬಿ, ತಿಪ್ಪೆಗೆ ಸುರಿದೇ ಮುಖ ತೊಳೆಯುವುದು. ಗಂಗರತ್ನಮ್ಮನಿಗೆ ಮಾಡಬಾರದ್ದನ್ನೆಲ್ಲ ಹೇಳಿಕೊಟ್ಟಿದ್ದ ಶಶಿರೇಖಾ ಬೂದಿಯ ಮಾತೇ ಎತ್ತಿರಲಿಲ್ಲ. ಉಸಿರಾಡಬೇಡಿ ಎಂದು ಯಾರಿಗಾದರೂ ಹೇಳಿಕೊಡುವುದುಂಟೆ?

ಸೌದೆಯ ಬೂದಿ ಒಳ್ಳೆಯ ಕ್ಷಾರ. ದಿನವೂ ಬಿದ್ದ ಬೂದಿಗೆ ಮಳೆ ನೀರು ಸೇರಿ, ಉಳಿದಿದ್ದ ಟಿಎನ್‌ಟಿಗೆ ತಾಗಿ, ಸೀಸೆಯಲ್ಲಿ ಬರುವ ಬಣ್ಣವೇ ರಾಶಿಯ ಬುಡದಲ್ಲಿ ಬಂದಿತ್ತು. ಬ್ಯಾಕ್ಟೀರಿಯಾಗಳು ಆ ಕ್ಷಾರಕ್ಕೆ ಕೆಲಸ ನಿಲ್ಲಿಸಿದ್ದವು. ಸಗಣಿಯ ಸಾರಜನಕ ಅಮೋನಿಯಾ ಆಗಿ ಹಾರಿಹೋಗಿತ್ತು. ಕಾಲುದಾರಿಯ ಪಕ್ಕದಲ್ಲಿದ್ದುದೇ ಮೂರನೆಯ ರಾಶಿಯ ದುರದೃಷ್ಟ. ಮಂಕರಿ ಹೊತ್ತು ಬಂದವರಿಗೆ ಮೊದಲು ಸಿಗುವುದು ಅದು.

"ನಾನೇ ಕೊಂದ್ನಾ ಅವುಗಳ್ನ?" ಎಂದರು ಗಂಗರತ್ನಮ್ಮ.

"ಎಲ್ಲಾ ಸತ್ತಿರಲ್ಲ ಅಕ್ಕಾ. ಹೊಸ ಸಗಣಿ ಹಾಕಿದ್ರೆ ಮತ್ತೆ ಹುಟ್ಕೋತವೆ. ಆದ್ರೆ ಹುಳಿ ಬೇಕು, ಸಿಹಿ ಬೇಕು. ಬೇಗ ಬೇಕು."

ಹುಳಿ ಸಿಹಿ ಎರಡೂ ಇರುವುದು ಆ ಸೀಮೆಯಲ್ಲಿ ಮೇ ತಿಂಗಳಿಗೆ ದಂಡಿಯಾಗಿ ಸಿಗುತ್ತದೆ. ಕೃಷ್ಣಗಿರಿ ಕಡೆಯ ಮಾವಿನ ತಿರುಳು ತೆಗೆಯುವ ಕಾರ್ಖಾನೆಗಳ ಹಿಂದೆ ಸಿಪ್ಪೆ, ನಾರು, ಕೊಳೆತ ಹಣ್ಣು ಗುಡ್ಡೆ ಬಿದ್ದಿರುತ್ತದೆ. ಒಂದು ಟ್ರಾಕ್ಟರ್ ತುಂಬ ಅದು ಬಂತು, ಅದರ ಹಿಂದೆ ಊರಿನ ನೊಣಗಳೆಲ್ಲ ಬಂದವು. ಬೂದಿ ಬಿದ್ದ ಮೇಲ್ಪದರವನ್ನು ಬಿಡಿಸಿ, ಇಡೀ ರಾಶಿಯನ್ನು ಹೊಸ ಸಗಣಿ ಮತ್ತು ಮಾವಿನ ಸಿಪ್ಪೆಯ ಜೊತೆ ಮತ್ತೆ ಕಲಸಿ, ಬಿಗಿಯಾಗಿ ಮುಚ್ಚಿದರು. ಒಳಗಿನ ಗಾಳಿಯನ್ನು ಬ್ಯಾಕ್ಟೀರಿಯಾಗಳೇ ಉಸಿರಾಡಿ ಮುಗಿಸಬೇಕಿತ್ತು.

ಹೊರಡುವಾಗ ಶಶಿರೇಖಾ ಬೆರಳೆತ್ತಿ ಹೇಳಿದಳು: "ಅಕ್ಕಾ, ನಾನು ಬರೋವರ್ಗೂ ಟಾರ್ಪಾಲು ಎತ್ತಬೇಡಿ. ಕೈ ಹಾಕ್ಬೇಡಿ. ಒಂದ್ಸಲ ಎತ್ತಿದ್ರೆ ಒಳಗೆ ಗಾಳಿ ಹೋಗ್ತದೆ, ಮೊದ್ಲಿಂದ ಶುರು ಮಾಡ್ಬೇಕು. ಅಷ್ಟು ದಿನ ಈಗ ಉಳಿದಿಲ್ಲ."

"ಮೂಸಿ ನೋಡ್ಬೋದಾ?"

"ಆಚೆಯಿಂದ ಮೂಸಿ."

ಗಂಗರತ್ನಮ್ಮನ ಜೀವನದಲ್ಲಿ ಇದಕ್ಕಿಂತ ಕಷ್ಟದ ಕೆಲಸವನ್ನು ಯಾರೂ ಹೇಳಿರಲಿಲ್ಲ. ಗೋಡು ಹೊರುವುದಾದರೆ ಹೊರಬಹುದಿತ್ತು. ಇದು ಏನೂ ಮಾಡದೆ ಇರುವ ಕೆಲಸ. ಅವರು ಬದುವಿನ ಕಲ್ಲುಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದರು. ಒಗೆದ ಬಟ್ಟೆಯನ್ನು ಮತ್ತೆ ಒಗೆದರು. ಪಾಪಮ್ಮನ ಮನೆಯ ಅವರೆಕಾಳನ್ನು ಕೇಳದೆಯೇ ಕೇರಿ ಕೊಟ್ಟರು. ರಾಶಿಯ ಹತ್ತಿರ ಹೋದಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸ್ಕೂಲು ತಪಾಸಣೆಗೆ ಬಂದವರ ಹಾಗೆ ಸುತ್ತು ಹಾಕುವರು.

ಒಂದು ದಿನ ಟಾರ್ಪಾಲಿನ ಅಂಚು ಗಾಳಿಗೆ ಬಡಿಯುತ್ತಿತ್ತು. ಅದರ ಮೇಲೆ ಕಲ್ಲಿಡಲು ಬಗ್ಗಿದವರ ಬೆರಳು ಅಂಚಿನ ಕೆಳಗೆ ಹೋಗಿಬಿಟ್ಟಿತು. ಬಿಸಿ ತಾಗಿತೋ, ತಾಗಿದಂತೆ ಅನಿಸಿತೋ ತಿಳಿಯಲಿಲ್ಲ. ಇನ್ನು ಒಂದು ಗೇಣು ಒಳಗೆ ಹಾಕಿದರೆ ಗೊತ್ತಾಗುತ್ತಿತ್ತು. ಅವರು ಬೆರಳು ಹಿಂದಕ್ಕೆ ತೆಗೆದು, ಕಲ್ಲಿಟ್ಟು, ಮನೆಗೆ ಓಡಿಹೋಗಿ ಅಂಜನಪ್ಪನ ಮುಂದೆ ನಿಂತರು.

"ನಾಳೆಯಿಂದ ನೀವು ನೋಡ್ಕೊಳಿ. ನನ್ ಕೈ ಸುಮ್ಕಿರಲ್ಲ."

"ನಾನು ಬದು ದಾಟಲ್ಲ ಅಂತ ಅವತ್ತೇ ಹೇಳಿದೀನಿ."

"ಅದ್ಕೇ ಹೇಳ್ತಿರೋದು. ನೀವಾದ್ರೆ ಎತ್ತಲ್ಲ."

ಹೀಗೆ ಅಂಜನಪ್ಪ ಬದುವಿನಾಚೆ ಕೂತು ರಾಶಿ ಕಾದರು. ಹೆಂಡತಿ ಬಂದರೆ, "ಹೂಂ, ಅಲ್ಲೇ ನಿಂತ್ಕೋ" ಎಂದು ಕೋಲು ತೋರಿಸುತ್ತಿದ್ದರು. ಮದುವೆಯಾದಂದಿನಿಂದ ಹೆಂಡತಿಗೆ ಆಜ್ಞೆ ಮಾಡಲು ಅವರಿಗೆ ಸಿಕ್ಕ ಮೊದಲ ಅವಕಾಶವದು. ಅದನ್ನು ಅವರು ಚೆನ್ನಾಗಿ ಬಳಸಿಕೊಂಡರು.

ಶಶಿರೇಖಾ ಬಂದು ಟಾರ್ಪಾಲು ಎತ್ತಿದಾಗ ಹುಳಿ ಬಂದ ವಾಸನೆ, ಒಳಗೆ ಕಾವು. ಸೀಸೆಯ ಕೆಂಪು ಅರ್ಧಕ್ಕಿಳಿದಿತ್ತು. ರಾಶಿಯನ್ನು ಗಾಳಿಗೆ ತಿರುವಿದರು, ಮತ್ತೆ ಮುಚ್ಚಿದರು. ಮಾದರಿ ತೆಗೆಯುವ ದಿನ ಹತ್ತಿರ ಬಂತು. ಒಂದು, ಎರಡನೆಯ ರಾಶಿಯ ಸೀಸೆಗಳು ನೀರಿನಂತೆ ತಿಳಿಯಾಗಿದ್ದವು. ಮೂರನೆಯದರಲ್ಲಿ ಇನ್ನೂ ತೆಳು ಗುಲಾಬಿ ಬಣ್ಣ.

ಆವತ್ತು ರಮೇಶ್ ಗಂಗರತ್ನಮ್ಮನನ್ನು ಪಕ್ಕಕ್ಕೆ ಕರೆದ. ಅವನು ಕೆಟ್ಟವನಲ್ಲ. ಮಣ್ಣು ಇಲ್ಲೇ ಉಳಿದರೆ ಅವನಿಗೂ ಒಳ್ಳೆಯದೇ.

"ಅಮ್ಮಾ, ನಾಳೆ ಮಾದರಿ ತಗೋತಾರೆ. ಇವತ್ತು ಸಾಯಂಕಾಲದೊಳಗೆ ಜೆಸಿಬಿ ತರಿಸ್ತೀನಿ. ಮೂರೂ ರಾಶಿ ಕಲಸಿಬಿಡೋಣ. ಒಟ್ಟು ಮೇಲೆ ಮಿತಿಯೊಳಗೆ ಬರ್ತದೆ. ಎಲ್ಲಾ ಮಣ್ಣೂ ನಿಮ್ದೇ."

ಶಶಿರೇಖಾಳಿಗೆ ಅದು ಕೇಳಿಸಿತು. ಅದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಮಣ್ಣು ಹೋದರೆ ಉಳಿಯುವ ಬಂಡೆಯೂ ಗೊತ್ತಿತ್ತು. "ಬೇಡ ರಮೇಶ್, ಹಾಗೆ ಮಾಡೋ ಹಾಗಿಲ್ಲ" ಎಂದಳು. ದನಿ ಗಟ್ಟಿಯಾಗಿರಲಿಲ್ಲ.

ಗಂಗರತ್ನಮ್ಮ ಹೊಲದ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ನಡೆದರು. ಕೆರೆದಿದ್ದ ಜಾಗದಲ್ಲಿ ಬಂಡೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ವಾಪಸ್ಸು ಬಂದು ಹೇಳಿದರು:

"ಎರಡು ಪಾತ್ರೆ ಒಳ್ಳೆ ಹಾಲಿಗೆ ಒಂದು ಪಾತ್ರೆ ಒಡೆದ ಹಾಲು ಸುರಿದ್ರೆ ಮೂರೂ ಹೋಗ್ತದಪ್ಪ. ಎರಡು ಗೆದ್ದಿದೀನಿ. ಅದನ್ನ ಯಾಕೆ ಕೆಡಿಸ್ಕೊಳ್ಲಿ?"

"ಒಂದು ಪಾಲು ಲಾರಿಗೆ ಹೋಗ್ತದೆ, ಆಮೇಲೆ ನನ್ ಮೇಲೆ ಬೇಜಾರು ಮಾಡ್ಕೋಬಾರ್ದು."

"ನಿನ್ ಮೇಲೆ ಯಾಕಪ್ಪ. ಬೂದಿ ಹಾಕಿದ್ದು ನಾನು."

ಮಾದರಿ ಹೋಯಿತು. ಫಲಿತಾಂಶ ಬಂದ ದಿನ ಚೆನ್ನೈನಿಂದ ಮಂಡಳಿಯ ಅಧಿಕಾರಿಯೂ ಬಂದರು, ಅವರ ಹಿಂದೆಯೇ ಖಾಲಿ ಲಾರಿಯೂ ಬಂತು. ಎರಡು ರಾಶಿ ಮಿತಿಯೊಳಗೆ. ಮೂರನೆಯದು ಮಿತಿಗಿಂತ ತುಸು ಮೇಲೆ. ಡ್ರೈವರ್ ಪಾಪಣ್ಣ ಲಾರಿಯನ್ನು ಹಿಂದಕ್ಕೆ ತಂದು ರಾಶಿಯ ಪಕ್ಕ ನಿಲ್ಲಿಸಿ, ಹಿಂಬದಿಯ ಹಲಗೆ ಇಳಿಸಿದ. ಗಂಗರತ್ನಮ್ಮ ಅವನ ಹತ್ತಿರ ಹೋದರು.

"ಎಲ್ಲಿಗಪ್ಪ ಹೊಡ್ಕೊಂಡ್ ಹೋಗ್ತೀಯ ಇದನ್ನ?"

"ದೂರ ಕಣಕ್ಕ. ದೊಡ್ ಗುಂಡಿ ತೋಡವ್ರೆ, ಪ್ಲಾಸ್ಟಿಕ್ ಹಾಸವ್ರೆ. ಅದ್ರಲ್ಲಿ ಸುರಿಯೋದು, ಮೇಲೆ ಮುಚ್ಚೋದು."

"ಅದ್ರ ಕೆಳಗೆ ಯಾರ್ದು ಹೊಲ ಐತೆ?"

ಪಾಪಣ್ಣ ಯೋಚಿಸಿದ. "ಯಾರ್ದೋ ಐತೆ. ಕಡ್ಲೇಕಾಯಿ ಹಾಕ್ತಾರೆ."

ಗಂಗರತ್ನಮ್ಮ ನೇರ ಅಧಿಕಾರಿಯ ಮುಂದೆ ಹೋಗಿ ನಿಂತರು. ತಮಿಳಿನಲ್ಲಿ ಶುರು ಮಾಡಿ, ನಡುವೆ ಸಿಟ್ಟು ಬಂದಲ್ಲಿ ಕನ್ನಡಕ್ಕೆ ತಿರುಗಿ, ಶಶಿರೇಖಾಳ ಸಹಾಯದಿಂದ ತಮಿಳಿನಲ್ಲೇ ಮುಗಿಸಿದರು. ಕೇಳಿದ್ದು ಇಷ್ಟೆ: ಮಳೆ ಕಳೆಯುವವರೆಗೆ ಈ ರಾಶಿ ನನ್ನ ಹತ್ತಿರವೇ ಇರಲಿ. ಇನ್ನೊಂದು ಸುತ್ತು ಮಾಡುತ್ತೇವೆ. ಆಗಲೂ ಆಗದಿದ್ದರೆ ತೆಗೆದುಕೊಂಡು ಹೋಗಿ.

"ಮಳೆ ಬಂದ್ರೆ ನೀರು ಒಳಗೆ ಇಳಿದು, ಇಲ್ಲಿಂದ ಕೆಳಗೆ ಹರಿಯುತ್ತಲ್ಲಮ್ಮಾ" ಎಂದರು ಅಧಿಕಾರಿ, ತಮಿಳಿನಲ್ಲಿ. "ಟಾರ್ಪಾಲು ಸಾಲದು. ಮೇಲೆ ಗಟ್ಟಿ ಛಾವಣಿ ಬೇಕು, ಕೆಳಗೆ ಸಿಮೆಂಟ್ ನೆಲ ಬೇಕು. ಇದೆಯಾ?"

ಗಂಗರತ್ನಮ್ಮ ತಿರುಗಿ ಹೊಲದ ಮೂಲೆಯ ಕಡೆ ನೋಡಿದರು. ಅಲ್ಲಿ ಅವರ ದನದ ಕೊಟ್ಟಿಗೆಯಿತ್ತು. ಹೋದ ವರ್ಷ ಶೀಟು ಹೊದಿಸಿ, ನೆಲಕ್ಕೆ ಸಿಮೆಂಟು ಬಳಿಸಿದ್ದು. ಅಂಜನಪ್ಪನೂ ಅದೇ ಕಡೆ ನೋಡಿದರು. ಹೆಂಡತಿಯ ಕಣ್ಣು ಎಲ್ಲಿ ನಿಂತಿತೆಂದು ಅರ್ಥವಾಗುತ್ತಲೇ ಅವರ ಮುಖ ಬದಲಾಯಿತು.

"ಐತೆ" ಎಂದರು ಗಂಗರತ್ನಮ್ಮ.

ಅಧಿಕಾರಿ ಕೊಟ್ಟಿಗೆಯೊಳಗೆ ಹೋಗಿ, ನೆಲವನ್ನು ಬೂಟುಗಾಲಿನಿಂದ ಒತ್ತಿ, ಛಾವಣಿ ನೋಡಿ ಬಂದರು. ದನಗಳನ್ನು ಮತ್ತೆ ಅಲ್ಲಿ ಕಟ್ಟಬೇಕಾದರೆ ನೆಲ ತೊಳೆದು ಪರೀಕ್ಷೆ ಮಾಡಿಸಿಯೇ ಕಟ್ಟಬೇಕು ಎಂದರು. ಶಶಿರೇಖಾ ನೆಲದ ಮೇಲೆ ದಪ್ಪ ಹಾಳೆ ಹಾಸುವುದಾಗಿ ಒಪ್ಪಿಕೊಂಡಳು. "ಸರಿ, ಪಾಕ್ಕಲಾಂ", ನೋಡೋಣ, ಎಂದು ಅಧಿಕಾರಿ ಜೀಪು ಹತ್ತಿದರು. ಲಾರಿ ಬಂದ ಹಾಗೆಯೇ ಖಾಲಿ ಹೋಯಿತು.

ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ದನಗಳನ್ನು ಬಿಚ್ಚಿ ಹೊಂಗೆಮರದ ಕೆಳಗೆ ಕಟ್ಟಿ, ಕೊಟ್ಟಿಗೆ ತೊಳೆದು, ಹಾಳೆ ಹಾಸಿ, ಮಂಕರಿಯಲ್ಲಿ ಮಣ್ಣು ಸಾಗಿಸಲು ಶುರುಮಾಡಿದರು. ರಮೇಶ್ ಪ್ಯಾಂಟು ಮಡಚಿ ಮಣ್ಣು ತುಂಬಿದ. ಪಾಪಮ್ಮ ನೋಡಲು ಬಂದವಳು ಸೆರಗು ಕಟ್ಟಿ ಮಂಕರಿ ಎತ್ತಿದಳು. ಅಂಜನಪ್ಪ ಬದುವಿನಾಚೆ ಸ್ವಲ್ಪ ಹೊತ್ತು ನಿಂತಿದ್ದರು.

"ದನ ಮಳೇಲಿ, ಮಣ್ಣು ಮನೇಲಿ" ಎಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಬದು ದಾಟಿ ಬಂದು ಸನಿಕೆ ಕೈಗೆತ್ತಿಕೊಂಡರು.

"ಮೆತ್ತಗೆ ಹಾಕ್ರಿ" ಎಂದರು ಗಂಗರತ್ನಮ್ಮ ತಲೆಯ ಮೇಲಿನ ಮಂಕರಿ ಇಳಿಸುತ್ತಾ. "ಅಂಚಲ್ಲಿ ಒಂದು ಹಿಡಿನೂ ಆಚೆ ಬೀಳ್ಬಾರ್ದು." ಹೇಳಿ ಮುಗಿಸುವ ಮೊದಲೇ ಮುಂದಿನ ಮಂಕರಿಗೆ ಹೊರಟಿದ್ದರು.